ರಬ್ಬರ್ ಗಾಲಿಯ ರೈಲು, ‘ನಮ್ಮ’ ಎಂಬ ಮಾತು

ಬಸವನಗುಡಿಯಲ್ಲಿ ಬೆಳೆದವನಿಗೆ ಕಡಲೆಕಾಯಿ ಅಂದರೆ ಕಾರ್ತಿಕದ ಕೊನೆಯ ಸೋಮವಾರ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿ ಹಾಕಿದ ಕಾಯಿ, ಬಾಣಲೆಯಲ್ಲಿ ಹುರಿಯುವ ಸದ್ದು, ಕಾಲಡಿಯಲ್ಲಿ ಸಿಪ್ಪೆ, ಮೂಗಿಗೆ ಅಡರುವ ಸ್ವಲ್ಪ ಸೀದ ಘಮ. ಹನ್ನೊಂದು ವರ್ಷದ ಹಿಂದೆ ಕೆನಡಾದ ಮಾಂಟ್ರಿಯಲ್‌ಗೆ ಬಂದ ಹೊಸದರಲ್ಲಿ, ಹೊರಗೆ ಮೈನಸ್ ಇಪ್ಪತ್ತೈದು ಡಿಗ್ರಿ ಕೊರೆಯುತ್ತಿದ್ದ ಒಂದು ಸಂಜೆ, ‘ಪಾರ್ಕ್’ ಎಂಬ ಹೆಸರಿನ ಮೆಟ್ರೋ ನಿಲ್ದಾಣದಲ್ಲಿ ನಿಂತಿದ್ದೆ. ರೈಲು ಬಂದು ನಿಂತಿತು. ಅದರ ಹಿಂದೆಯೇ ಆ ಘಮ ಬಂತು. ಹುರಿದ ಕಡಲೆಕಾಯಿ, ಜೊತೆಗೆ ಒಂದಿಷ್ಟು ಸುಟ್ಟ ಕಟ್ಟಿಗೆ. ಸುತ್ತಮುತ್ತ ನೋಡಿದೆ, ಯಾರ ಕೈಯಲ್ಲೂ ಪೊಟ್ಟಣವಿಲ್ಲ. ಊರು ಬಿಟ್ಟ ಸಂಕಟಕ್ಕೆ ಮೂಗೂ ಸೇರಿಕೊಂಡಿತೇನೋ ಅಂದುಕೊಂಡು ಮನೆಗೆ ಹೋದೆ.

ಮರುವಾರ ಆಫೀಸಿನಲ್ಲಿ ಹಳಬರೊಬ್ಬರನ್ನು ಕೇಳಿದಾಗ ಅವರ ಮುಖ ಅರಳಿತು. ಅದು ಬ್ರೇಕಿನ ವಾಸನೆಯಂತೆ. ಇಲ್ಲಿನ ಹಳೆಯ ಮೆಟ್ರೋ ರೈಲುಗಳ ಬ್ರೇಕಿನಲ್ಲಿ ಚಕ್ರಕ್ಕೆ ಒತ್ತುವ ತುಂಡು ಮರದ್ದು. ಹಳದಿ ಬರ್ಚ್ ಎಂಬ ಮರ. ಮಾಂಟ್ರಿಯಲ್ ಇರುವ ಕೆಬೆಕ್ ಪ್ರಾಂತದ ಕಾಡಿನಲ್ಲಿ ಬೆಳೆಯುವ ಈ ಮರವೇ ಪ್ರಾಂತದ ಅಧಿಕೃತ ಮರ ಕೂಡ. ಅದರ ತುಂಡುಗಳನ್ನು ಕಡಲೆಕಾಯಿ ಎಣ್ಣೆಯಲ್ಲಿ ನೆನೆಸಿ ಬ್ರೇಕಿಗೆ ಹಾಕುತ್ತಾರೆ. ರೈಲು ನಿಲ್ಲುವಾಗ ಆ ಮರ ಉಕ್ಕಿನ ಚಕ್ರಕ್ಕೆ ಒತ್ತಿ ಉಜ್ಜುತ್ತದೆ, ಬಿಸಿಯಾಗುತ್ತದೆ, ಎಣ್ಣೆ ಘಮಿಸುತ್ತದೆ. ನನ್ನ ಮೂಗು ತಪ್ಪಿರಲಿಲ್ಲ.

ಆ ದಿನದಿಂದ ಈ ಊರಿನ ಮೆಟ್ರೋ ಬಗ್ಗೆ ನನಗೆ ಒಂಥರಾ ಅಕ್ಕರೆ. ಓದಿದ್ದು, ಕೇಳಿದ್ದು, ದಿನಾ ಓಡಾಡುತ್ತಾ ಕಂಡಿದ್ದು ಎಲ್ಲ ಸೇರಿ ಈಗ ಒಂದು ಅನಿಸಿಕೆ ಗಟ್ಟಿಯಾಗಿದೆ. ಅದನ್ನು ನಮ್ಮ ಬೆಂಗಳೂರಿನವರ ಮುಂದೆ ಇಡಬೇಕು ಅನಿಸಿ ಬರೆಯುತ್ತಿದ್ದೇನೆ.

ಮೊದಲು ಈ ರೈಲು ಓಡುವ ಬಗೆ ಹೇಳಬೇಕು. ಮಾಂಟ್ರಿಯಲ್ ಮೆಟ್ರೋ ಓಡುವುದು ರಬ್ಬರ್ ಟೈರುಗಳ ಮೇಲೆ, ನಮ್ಮ ಬಿಎಂಟಿಸಿ ಬಸ್ಸಿನ ಹಾಗೆ ಗಾಳಿ ತುಂಬಿದ ಟೈರು. ಹಳಿಯ ಎರಡು ಬದಿಗೆ ಕಾಂಕ್ರೀಟಿನ ಎರಡು ಪಟ್ಟಿಗಳಿವೆ, ಟೈರು ಉರುಳುವುದು ಅವುಗಳ ಮೇಲೆ. ಟೈರಿನ ಒಳಮಗ್ಗುಲಿಗೆ ಮಾಮೂಲಿ ರೈಲಿಗಿರುವಂಥದೇ ಉಕ್ಕಿನ ಚಕ್ರ, ಅದರ ಕೆಳಗೆ ಮಾಮೂಲಿ ಹಳಿ. ಸಾಮಾನ್ಯವಾಗಿ ಈ ಉಕ್ಕಿನ ಚಕ್ರ ಭಾರ ಹೊರುವುದಿಲ್ಲ, ಹಳಿಗೆ ತಾಕದಂತೆ ಸ್ವಲ್ಪ ಮೇಲೆಯೇ ಇರುತ್ತದೆ. ಟೈರಿನ ಗಾಳಿ ಹೋದರೆ ರೈಲು ಇದರ ಮೇಲೆ ಕೂರುತ್ತದೆ. ಹಳಿ ಕವಲೊಡೆಯುವ ಕಡೆ ದಾರಿ ತೋರಿಸುವುದೂ ಇದೇ. ಮರದ ಬ್ರೇಕು ಹಿಡಿಯುವುದೂ ಇದನ್ನೇ. ಇನ್ನು ಎರಡೂ ಪಕ್ಕದಲ್ಲಿ ಉದ್ದಕ್ಕೂ ಕಬ್ಬಿಣದ ತೊಲೆಗಳು. ಬೋಗಿಯ ತಳದಲ್ಲಿ ಅಡ್ಡಲಾಗಿ ಮಲಗಿಸಿದ ಚಿಕ್ಕ ರಬ್ಬರ್ ಚಕ್ರಗಳು ಈ ತೊಲೆಗಳಿಗೆ ಒರಗಿಕೊಂಡು ರೈಲು ಆಚೀಚೆ ಹೋಗದಂತೆ ಹಿಡಿಯುತ್ತವೆ. 750 ವೋಲ್ಟಿನ ವಿದ್ಯುತ್ತು ಹರಿಯುವುದೂ ಅದೇ ತೊಲೆಗಳಲ್ಲಿ. ನಮ್ಮ ಮೆಟ್ರೋದ ಮೂರನೇ ಹಳಿಯಲ್ಲಿ ಹರಿಯುವುದೂ 750 ವೋಲ್ಟೇ, ಎರಡೂ ಊರಿನ ಹಳಿಗಳ ನಡುವಿನ ಅಗಲವೂ ಒಂದೇ, 1435 ಮಿಲಿಮೀಟರ್. ಎಲ್ಲಿಯ ಬೈಯಪ್ಪನಹಳ್ಳಿ, ಎಲ್ಲಿಯ ಮಾಂಟ್ರಿಯಲ್! ಈ ಎರಡು ಅಂಕಿ ನೋಡಿದಾಗ ನನಗೆ ನೆಂಟರು ಸಿಕ್ಕಿದಷ್ಟು ಖುಷಿಯಾಗಿತ್ತು.

ರಬ್ಬರ್ ಟೈರಿನ ಯೋಚನೆ ಮಾಂಟ್ರಿಯಲ್‌ನದಲ್ಲ. ಪ್ಯಾರಿಸ್‌ನವರು 1956ರಲ್ಲಿ ತಮ್ಮ 11ನೇ ಮಾರ್ಗವನ್ನು ಹೀಗೆ ಬದಲಾಯಿಸಿದ್ದರು. 1960ರ ದಶಕದಲ್ಲಿ ಇಲ್ಲಿನ ಮೇಯರ್ ಆಗಿದ್ದ ಜಾಂ ದ್ರಾಪೋಗೆ ಅದು ಹಿಡಿಸಿತು. ಸದ್ದು ಕಡಿಮೆ, ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ, ಏರು ಚೆನ್ನಾಗಿ ಹತ್ತುತ್ತದೆ. ಊರಿನ ನಡುವೆಯೇ ಗುಡ್ಡವಿರುವ ಮಾಂಟ್ರಿಯಲ್‌ಗೆ ಏರು ಹತ್ತುವುದು ಮುಖ್ಯ. ಉಕ್ಕಿನ ಚಕ್ರ ಜಾರುವಂಥ ಕಡಿದಾದ ಏರನ್ನೂ ರಬ್ಬರ್ ಹಿಡಿದುಕೊಂಡು ಹೋಗುತ್ತದೆ. 1962ರ ಮೇ ತಿಂಗಳಲ್ಲಿ ಅಗೆತ ಶುರುವಾಗಿ, 1966ರ ಅಕ್ಟೋಬರ್ 14ರಂದು ಜನ ಓಡಾಡತೊಡಗಿದರು. ಇಡೀ ಜಾಲವೇ ರಬ್ಬರ್ ಟೈರಿನ ಮೇಲೆ ಓಡುವ ಜಗತ್ತಿನ ಮೊದಲ ಮೆಟ್ರೋ ಇದು. ಮೆಕ್ಸಿಕೋ ನಗರ, ಚಿಲಿಯ ಸಾಂತಿಯಾಗೋ ಎಲ್ಲ ಇದಾದ ಮೇಲೆ ಬಂದವು.

ಹೀಗೆ ಬೇರೆಯವರಿಂದ ತಂದದ್ದನ್ನು ಇವರು ತಮ್ಮದು ಮಾಡಿಕೊಂಡ ಬಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು. ಪ್ಯಾರಿಸ್‌ನ ರೈಲು ಕೆಲವು ಕಡೆ ಬಯಲಿಗೆ ಬರುತ್ತದೆ, ಸೇತುವೆಯ ಮೇಲೂ ಓಡುತ್ತದೆ. ಇಲ್ಲಿ ಹಾಗೆ ಮಾಡಿದರೆ ಹಿಮ ಬಿದ್ದ ದಿನ ಟೈರು ಜಾರಿ ಎಲ್ಲ ನಿಲ್ಲುತ್ತದೆ. ಆದ್ದರಿಂದ ಇಡೀ ಮೆಟ್ರೋವನ್ನು, ಸುಮಾರು 70 ಕಿಲೋಮೀಟರ್, 68 ನಿಲ್ದಾಣಗಳನ್ನು, ನೆಲದ ಕೆಳಗೇ ಇಟ್ಟರು. ಓಡುವ ದಿನಗಳಲ್ಲಿ ಈ ರೈಲುಗಳು ಬಿಸಿಲನ್ನೂ ನೋಡುವುದಿಲ್ಲ, ಹಿಮವನ್ನೂ ನೋಡುವುದಿಲ್ಲ. ಬೋಗಿಗಳು ಎರಡೂವರೆ ಮೀಟರ್ ಅಗಲ ಮಾತ್ರ, ಹಾಗಾಗಿ ಹೋಗುವ ರೈಲು ಬರುವ ರೈಲು ಎರಡಕ್ಕೂ ಒಂದೇ ಸುರಂಗ ಸಾಕು. ನಿಲ್ದಾಣಗಳನ್ನು ಸಾಧ್ಯವಾದ ಕಡೆಯೆಲ್ಲ ಸುರಂಗಕ್ಕಿಂತ ಸ್ವಲ್ಪ ಎತ್ತರದಲ್ಲಿ ಕಟ್ಟಿದರು. ಬರುವ ರೈಲು ಏರು ಹತ್ತುತ್ತಾ ತಾನೇ ನಿಧಾನವಾಗುತ್ತದೆ, ಹೊರಡುವ ರೈಲಿಗೆ ಇಳಿಜಾರು ಕೈ ಕೊಟ್ಟು ದೂಡುತ್ತದೆ. ಅಗೆದ ಕಲ್ಲು ಮಣ್ಣನ್ನು ಎಲ್ಲೋ ಕೆರೆಗೆ ಸುರಿಯಲಿಲ್ಲ. ಸೇಂಟ್ ಲಾರೆನ್ಸ್ ನದಿಯ ನಡುವಿನ ದ್ವೀಪವೊಂದನ್ನು ಅದರಿಂದ ದೊಡ್ಡದು ಮಾಡಿದರು, ಪಕ್ಕದಲ್ಲಿ ಹೊಸ ದ್ವೀಪವನ್ನೇ ಕಟ್ಟಿದರು, 1967ರ ವಿಶ್ವ ಮೇಳ ಅಲ್ಲೇ ನಡೆಯಿತು. ಮೊದಲ ಬೋಗಿಗಳು ತಯಾರಾದದ್ದು ಇದೇ ಊರಿನ ಹಡಗು ಕಟ್ಟೆಯಲ್ಲಿ. ಐವತ್ತು ವರ್ಷ ದಾಟಿ ಓಡಿದ ಆ ಬೋಗಿಗಳಿಗೆ 2018ರಲ್ಲಷ್ಟೇ ನಿವೃತ್ತಿ. ಮರದ ಬ್ರೇಕಿನ ಮಾತಂತೂ ಆಗಲೇ ಹೇಳಿದೆ.

ಹೊರಗಿನಿಂದ ಒಳಗೆ ಬರುವ ಬಾಗಿಲನ್ನು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸುರಂಗದಲ್ಲಿ ರೈಲು ಬರುವಾಗ ತನ್ನ ಮುಂದಿರುವ ಗಾಳಿಯನ್ನೆಲ್ಲ ದೂಡಿಕೊಂಡು ಬರುತ್ತದೆ, ಪಿಚಕಾರಿಯಲ್ಲಿ ನೀರು ದೂಡಿದ ಹಾಗೆ. ಆ ಗಾಳಿ ಮೆಟ್ಟಿಲು ಹತ್ತಿ ಹೊರಬಾಗಿಲಿಗೆ ಬಂದು ಅಪ್ಪಳಿಸುತ್ತದೆ. ಮಾಮೂಲಿ ಬಾಗಿಲಾದರೆ ತೆರೆಯಲಿಕ್ಕೇ ಆಗದು, ಇಲ್ಲವೇ ಕೈ ಜಾರಿ ರಪ್ಪನೆ ಹೊಡೆದುಕೊಳ್ಳುತ್ತದೆ. ಅದಕ್ಕೆ ಇಲ್ಲಿ ಬಾಗಿಲನ್ನು ಅಂಚಿನಲ್ಲಿ ಕಟ್ಟದೆ ನಡುವಿನ ಕಂಬದ ಸುತ್ತ ತಿರುಗುವ ಹಾಗೆ ಮಾಡಿದ್ದಾರೆ. ಒಂದು ಪಕ್ಕ ಗಾಳಿ ಒತ್ತಿದರೆ ಇನ್ನೊಂದು ಪಕ್ಕವೂ ಅಷ್ಟೇ ಒತ್ತುತ್ತದೆ, ಎರಡೂ ಸಮವಾಗಿ ಬಾಗಿಲು ಹಗುರಾಗುತ್ತದೆ. ಚಿಟ್ಟೆ ಬಾಗಿಲು ಅಂತ ಜನ ಕರೆಯುತ್ತಾರೆ. ಆದರೂ ಗಾಳಿಯ ದಿನ ಅದು ಜೋರೇ. ನಮ್ಮ ಅಮ್ಮ ಮೊದಲ ಸಲ ಬಂದಾಗ ಸೆರಗು ಹಾರಿ, ಟೋಪಿ ಹಾರಿ, ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಹಿಂದೆ ಬರುತ್ತಿದ್ದ ಹುಡುಗಿಯೊಬ್ಬಳು ಬಾಗಿಲ ಆ ಕಡೆಯ ಅರ್ಧವನ್ನು ಬೆನ್ನಿನಿಂದ ಒತ್ತಿ ಹಿಡಿದು, ಅಮ್ಮ ದಾಟುವವರೆಗೆ ಹಾಗೇ ನಿಂತಳು. ಅಮ್ಮ ಅವಳ ಗಲ್ಲ ಮುಟ್ಟಿ ಲಟಿಕೆ ತೆಗೆದರು.

ಹಳೆಯ ರೈಲು ಹೊರಡುವಾಗ ಮೂರು ಸ್ವರ ಕೇಳುತ್ತದೆ. ಡೂ, ಡೂ, ಡೂ, ಒಂದರ ಮೇಲೊಂದು ಏರುತ್ತಾ. ಯಾರೂ ಅದಕ್ಕೆ ರಾಗ ಹಾಕಿದ್ದಲ್ಲ. ಮೋಟಾರಿಗೆ ವಿದ್ಯುತ್ತನ್ನು ಹಂತ ಹಂತವಾಗಿ ಕೊಡುವ ಯಂತ್ರದ ಸದ್ದು ಅದು. ಆದರೆ ಊರಿನವರು ಅದನ್ನು ಎಷ್ಟು ಹಚ್ಚಿಕೊಂಡಿದ್ದರು ಅಂದರೆ, 2016ರಲ್ಲಿ ಹೊಸ ಅಜೂರ್ ರೈಲುಗಳು ಬಂದಾಗ, ಅವುಗಳ ಯಂತ್ರದಿಂದ ಆ ಸದ್ದು ಹೊರಡದಿದ್ದರೂ, ಬಾಗಿಲು ಮುಚ್ಚುವ ಸೂಚನೆಯಾಗಿ ಅದೇ ಮೂರು ಸ್ವರಗಳನ್ನು ಉಳಿಸಿಕೊಂಡರು. ಯಂತ್ರ ಹೋದರೂ ದನಿ ಉಳಿಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಿಲ್ದಾಣಗಳ ಬಗ್ಗೆ ಹೇಳತೊಡಗಿದರೆ ಮುಗಿಯದು. ಒಂದರ ಹಾಗೆ ಇನ್ನೊಂದಿಲ್ಲ. ಬೇರೆ ಬೇರೆ ವಾಸ್ತುಶಿಲ್ಪಿಗಳಿಗೆ ಬೇರೆ ಬೇರೆ ನಿಲ್ದಾಣ ಕೊಟ್ಟಿದ್ದರು. ಪೀಲ್ ನಿಲ್ದಾಣದ ಗೋಡೆ ಮತ್ತು ನೆಲದ ಮೇಲೆ ಜಾಂ-ಪೋಲ್ ಮೂಸೋ ಮಾಡಿದ ದೊಡ್ಡ ದೊಡ್ಡ ಬಣ್ಣದ ವೃತ್ತಗಳಿವೆ. ಶಾಂ-ದ-ಮಾರ್ಸ್‌ನಲ್ಲಿ ಮಾರ್ಸೆಲ್ ಫೆರೋಂ ಎಂಬ ಕಲಾವಿದೆಯ ಬಣ್ಣದ ಗಾಜಿನ ಗೋಡೆ, 1968ರದ್ದು. ಚಳಿಗಾಲದ ಬೆಳಿಗ್ಗೆ ಹೊತ್ತು ತಗ್ಗಿನಲ್ಲಿರುವ ಸೂರ್ಯ ಆ ಗಾಜಿನ ಮೂಲಕ ಒಳಗೆ ಬಂದಾಗ ಜನರ ಕಪ್ಪು ಕೋಟುಗಳ ಮೇಲೆ ನೀಲಿ, ಕೆಂಪು, ಹಸಿರು ಬೀಳುತ್ತದೆ. ಐದು ನಿಮಿಷ ಮೊದಲೇ ಹೋಗಿ ಅಲ್ಲಿ ನಿಂತಿದ್ದೇನೆ, ಒಮ್ಮೆಯಲ್ಲ. ಸ್ಕ್ವೇರ್-ವಿಕ್ಟೋರಿಯಾದ ಒಂದು ಬಾಗಿಲಲ್ಲಿ ಪ್ಯಾರಿಸ್‌ನವರು ಸ್ನೇಹದ ಗುರುತಿಗೆ 1967ರಲ್ಲಿ ಕೊಟ್ಟ, ಎಕ್ತೋರ್ ಗಿಮಾರ್ ವಿನ್ಯಾಸದ ಬಳ್ಳಿಯಂಥ ಕಬ್ಬಿಣದ ಕಮಾನು ಇದೆ. ಸಾಲ ತಂದದ್ದನ್ನು ಮರೆಯದ ಊರು ಇದು. ನನಗೆ ಹೆಚ್ಚು ಪ್ರೀತಿ ಮಾತ್ರ ನೀಲಿ ಮಾರ್ಗದ ದ ಕಾಸ್ತೆಲ್ನೋ ಮೇಲೆ. ಅಷ್ಟೇನೂ ಹೆಸರಾದ ನಿಲ್ದಾಣವಲ್ಲ. ಗೋಡೆಯ ಇಟ್ಟಿಗೆಯಲ್ಲೇ ಉಬ್ಬುಚಿತ್ರ ಮಾಡಿದ್ದಾರೆ, ಪಕ್ಕದ ಜಾಂ-ತಾಲೋಂ ಮಾರುಕಟ್ಟೆಯ ಬದುಕು ಅದರಲ್ಲಿದೆ. ಮೇಲೆ ಹೋದರೆ ಅದೇ ಮಾರುಕಟ್ಟೆ, ಅಂಥದೇ ಜನ. ಮಣ್ಣಿನಡಿಯ ಗೋಡೆ ಮೇಲಿನ ಬೀದಿಯನ್ನು ನೆನೆಸಿಕೊಂಡಿರುವ ಹಾಗೆ.

ಈಗ ನಮ್ಮೂರಿನ ಮಾತು.

2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ರೈಲು ಓಡಿದಾಗ ನಾನಿನ್ನೂ ಊರಿನಲ್ಲಿದ್ದೆ. ಆ ವಾರಾಂತ್ಯ ಮನೆಮಂದಿಯೆಲ್ಲ ಸುಮ್ಮನೆ ಹೋಗಿ ಬರಲು ಹೊರಟೆವು. ಸಾಲು ಎಷ್ಟು ಉದ್ದವಿತ್ತೋ ಅಷ್ಟೇ ಸಂಭ್ರಮವಿತ್ತು. ಹೊಸ ಸೀರೆ ಉಟ್ಟು ಬಂದವರಿದ್ದರು. ಬೋಗಿ ತಯಾರಾದದ್ದು ನಮ್ಮದೇ ಬಿಇಎಂಎಲ್‌ನಲ್ಲಿ ಅಂತ ಅಪ್ಪ ಪಕ್ಕದವರಿಗೆಲ್ಲ ಹೇಳಿದರು. ಆಮೇಲೆ ನಾನು ಇಲ್ಲಿಗೆ ಬಂದೆ, ಅಲ್ಲಿ ಹಳಿ ಬೆಳೆಯಿತು. 2016ರಲ್ಲಿ ವಿಧಾನಸೌಧದ ಕೆಳಗೆ ಸುರಂಗದಲ್ಲಿ ರೈಲು ಓಡಿತು, 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಬಂತು. ಉದ್ದದಲ್ಲಿ ನಮ್ಮದು ಈಗ ಮಾಂಟ್ರಿಯಲ್‌ನ ಹಳೆಯ ಮೆಟ್ರೋವನ್ನು ದಾಟಿ ಬಹಳ ಮುಂದೆ ಹೋಗಿದೆ. ಇದನ್ನು ನೆನೆದರೆ ಎದೆ ಉಬ್ಬುತ್ತದೆ, ಸುಳ್ಳು ಹೇಳಲಾರೆ.

ಅದಕ್ಕೆ ‘ನಮ್ಮ ಮೆಟ್ರೋ’ ಅಂತ ಹೆಸರಿಟ್ಟವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ. ನಮ್ಮ ಅನ್ನುವುದು ಕನ್ನಡದ ಬಹಳ ದೊಡ್ಡ ಮಾತು. ನಮ್ಮ ಮನೆ, ನಮ್ಮ ಬೀದಿ, ನಮ್ಮ ಹುಡುಗ. ಅದನ್ನು ಹೆಸರಿಗೆ ಹಚ್ಚಿದ ಮೇಲೆ ಪ್ರತಿದಿನ ನಡೆಸಿಕೊಡಬೇಕಾಗುತ್ತದೆ. ನನ್ನ ಅಸಮಾಧಾನ ಇರುವುದು ಅಲ್ಲಿ.

ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮೆಟ್ರೋದಲ್ಲಿ ಓಡಾಡುತ್ತೇನೆ. ಒಂದು ನಿಲ್ದಾಣದಲ್ಲಿ ಕಣ್ಣು ಕಟ್ಟಿ ಇಳಿಸಿ ಕಟ್ಟು ಬಿಚ್ಚಿದರೆ, ಬೋರ್ಡು ಓದದೆ ಇದು ಯಾವ ಬಡಾವಣೆ ಅಂತ ಹೇಳಲು ನನಗೆ ಬಹುತೇಕ ಕಡೆ ಆಗದು. ಅದೇ ಬೂದು ಕಲ್ಲು, ಅದೇ ಸ್ಟೀಲು, ಅದೇ ಜಾಹೀರಾತಿನ ಹಲಗೆ. ಏನೂ ಆಗಿಲ್ಲ ಅನ್ನುವುದು ಅನ್ಯಾಯವಾದೀತು. ಕಬ್ಬನ್ ಪಾರ್ಕ್ ಮತ್ತು ಪೀಣ್ಯ ನಿಲ್ದಾಣಗಳಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಒಳ್ಳೆಯ ಕೆಲಸ ಮಾಡಿದ್ದಾರೆ, ಎಂ.ಜಿ. ರಸ್ತೆಯಲ್ಲಿ ರಂಗೋಲಿ ಕಲಾಕೇಂದ್ರವಿದೆ. ಆದರೆ ಅವು ಆಮೇಲೆ ಅಂಟಿಸಿದ ಹೂವು. ಗಿಡದಲ್ಲೇ ಅರಳಿದ್ದಲ್ಲ. ಚಿಕ್ಕಪೇಟೆಯ ಕೆಳಗಿರುವ ನಿಲ್ದಾಣದಲ್ಲಿ ಒಂದು ಮೊಳ ಜರಿಯ ನೆನಪಿರಬಾರದೆ? ಕೃಷ್ಣರಾಜ ಮಾರುಕಟ್ಟೆ ನಿಲ್ದಾಣಕ್ಕೆ ಇಳಿದರೆ, ಬೆಳಗಿನ ಜಾವ ಮೂರಕ್ಕೆ ಎದ್ದು ಹೂವಿನ ಗಂಟು ಹೊತ್ತು ಬರುವ ಹೆಂಗಸರ ಮುಖ ಗೋಡೆಯ ಮೇಲೆ ಇರಬಾರದೆ?

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗದಲ್ಲಿ ಹನ್ನೆರಡು ನಿಲ್ದಾಣ ನೆಲದಡಿಯಲ್ಲಿವೆ. ಅದರಲ್ಲಿ ಒಂದು ಪಾಟರಿ ಟೌನ್. ಹೆಸರೇ ಹೇಳುವ ಹಾಗೆ ಕುಂಬಾರರ ಕೇರಿ. ಗೌರಿ ಗಣೇಶ ಹಬ್ಬಕ್ಕೆ ಮುಂಚೆ ಅಲ್ಲಿಗೆ ಹೋದರೆ ಬಣ್ಣ ಕಾಣದ ಹಸಿ ಗಣಪತಿಗಳು ಸಾಲಾಗಿ ಒಣಗುತ್ತಿರುತ್ತವೆ. ಆ ನಿಲ್ದಾಣದ ಗೋಡೆಯನ್ನು ಆ ಕುಂಬಾರರ ಕೈಗೇ ಕೊಡಬೇಕು ಅನ್ನುವುದು ನನ್ನ ಬೇಡಿಕೆ. ಅವರ ಜೇಡಿಮಣ್ಣು, ಅವರ ಆವಿಗೆ, ಅವರ ಬೆರಳಿನ ಗುರುತು. ದ ಕಾಸ್ತೆಲ್ನೋದ ಇಟ್ಟಿಗೆ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಪಾಟರಿ ಟೌನ್ ನೆನಪಾಗುತ್ತದೆ. ಇದಕ್ಕೆ ದೊಡ್ಡ ದುಡ್ಡು ಬೇಡ. ಸುರಂಗ ಕೊರೆಯುವ ಯಂತ್ರಗಳಿಗೆ ತುಂಗಾ, ಭದ್ರಾ ಅಂತ ಹೆಸರಿಡಲು ತೋರಿದ ಅದೇ ಅಕ್ಕರೆ ಗೋಡೆಯ ಮೇಲೂ ಬೀಳಬೇಕು, ಅಷ್ಟೆ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಹೊಸ ಹಳದಿ ಮಾರ್ಗದಲ್ಲಿ ಕೆಲವು ಕಡೆ ಹಣ ಕೊಟ್ಟ ಕಂಪನಿಗಳ ಹೆಸರು ಊರಿನ ಹೆಸರಿನ ಮುಂದೆ ಕೂತಿದೆ. ದುಡ್ಡು ಕೊಟ್ಟಿದ್ದಾರೆ, ಕೃತಜ್ಞತೆ ಇರಲಿ, ಗೋಡೆಯ ಮೇಲೊಂದು ಫಲಕ ಹಾಕೋಣ. ಕೋನಪ್ಪನ ಅಗ್ರಹಾರಕ್ಕೆ, ಹೆಬ್ಬಗೋಡಿಗೆ, ಬೊಮ್ಮಸಂದ್ರಕ್ಕೆ ಮುಂದೆ ಕೂರಲು ಇನ್ನೊಂದು ಹೆಸರು ಬೇಕಾಗಿಲ್ಲ. ಮಾಂಟ್ರಿಯಲ್‌ನ ನಿಲ್ದಾಣಗಳಿಗೆ ಹೆಚ್ಚಾಗಿ ಮೇಲಿನ ಬೀದಿಯ ಹೆಸರು, ಇಲ್ಲವೇ ಊರಿಗೆ ಬೇಕಾದವರ ಹೆಸರು. ಹೊಸಬನಾದ ನಾನು ಊರಿನ ಚರಿತ್ರೆ ಕಲಿತದ್ದೇ ಆ ಹೆಸರುಗಳ ಹಿಂದೆ ಹೋಗಿ.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು 2024ರ ಫೆಬ್ರವರಿಯ ಘಟನೆ. ರಾಜಾಜಿನಗರ ನಿಲ್ದಾಣದಲ್ಲಿ ತಲೆಯ ಮೇಲೆ ಮೂಟೆ ಹೊತ್ತ ರೈತರೊಬ್ಬರನ್ನು, ಕೈಯಲ್ಲಿ ಟಿಕೆಟ್ ಇದ್ದರೂ, ಬಟ್ಟೆ ಕೊಳೆಯಾಗಿದೆ ಅಂತ ತಡೆದ ವಿಡಿಯೋ ನೀವೂ ನೋಡಿರುತ್ತೀರಿ. ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳವಾಡಿ ಅವರನ್ನು ಒಳಗೆ ಕರೆದೊಯ್ದರು, ತಡೆದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಹೊತ್ತಿಲ್ಲದ ಹೊತ್ತಿನಲ್ಲಿ, ಇಲ್ಲಿ ರಾತ್ರಿ ಹನ್ನೊಂದಕ್ಕೆ, ನಾನದನ್ನು ಮತ್ತೆ ಮತ್ತೆ ನೋಡಿದೆ. ನಮ್ಮಜ್ಜ ಮಾಗಡಿ ಕಡೆಯ ಹಳ್ಳಿಯಿಂದ ಹೆಗಲ ಮೇಲೆ ಅವರೆಕಾಯಿ ಚೀಲ ಹೊತ್ತು ಬಸವನಗುಡಿಗೆ ಬರುತ್ತಿದ್ದರು. ಅವರ ಪಂಚೆಯೂ ಹಾಗೇ ಇರುತ್ತಿತ್ತು. ಆ ದಿನ ಜಗಳವಾಡಿದ ಪ್ರಯಾಣಿಕರೇ ನಿಜಕ್ಕೂ ‘ನಮ್ಮ’ ಅನ್ನುವ ಮಾತನ್ನು ಉಳಿಸಿದರು. ಇಲ್ಲಿ ಚೀಲ ತಪಾಸಣೆಯಿಲ್ಲ, ಮೈ ತಡವುವುದಿಲ್ಲ. ನಮ್ಮ ಕಡೆ ಭದ್ರತೆಯ ಅಗತ್ಯ ಬೇರೆ, ಅದು ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ಒಳಗೆ ಬರುವವರನ್ನು ಮೊದಲು ಅತಿಥಿ ಅಂತ ನೋಡಬೇಕು, ಅನುಮಾನ ಆಮೇಲೆ. ಇಲ್ಲಿ ನಿಲ್ದಾಣದ ಗೋಡೆಯಲ್ಲಿ ಅಲ್ಲಲ್ಲಿ ವೀಣೆಯಂಥ ತಂತಿವಾದ್ಯದ ಚಿತ್ರವಿರುವ ನೀಲಿ ಫಲಕವಿರುತ್ತದೆ, ಅದರ ಕೆಳಗೆ ಯಾರಾದರೂ ನಿಂತು ಹಾಡಬಹುದು, ಪಿಟೀಲು ನುಡಿಸಬಹುದು. ನ್ಯಾಷನಲ್ ಕಾಲೇಜು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಸಂಜೆ ಆರಕ್ಕೆ ಒಬ್ಬ ಹುಡುಗ ಕೊಳಲು ನುಡಿಸುತ್ತಾ ಕೂತರೆ ಎಷ್ಟು ಚೆಂದ!

ದರದ ವಿಷಯದಲ್ಲೂ ಕಲಿಯುವುದಿದೆ. ಇಲ್ಲಿ ಊರೊಳಗೆ ಎಷ್ಟೇ ದೂರ ಹೋದರೂ ಒಂದೇ ದರ. ಅದೇ ಟಿಕೆಟ್ಟಿನಲ್ಲಿ ಎರಡು ಗಂಟೆಯ ಒಳಗೆ ಇಳಿದು ಬಸ್ಸನ್ನೂ ಹತ್ತಬಹುದು. ಅರವತ್ತೈದು ದಾಟಿದ ಊರಿನವರಿಗೆ 2023ರ ಜುಲೈನಿಂದ ಪೂರ್ತಿ ಉಚಿತ. ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದೂರದ ಬಡಾವಣೆಯಲ್ಲಿ ಬಾಡಿಗೆ ಕಡಿಮೆ ಅಂತ ಇರುವವರೇ ಹೆಚ್ಚು ದೂರ ಬರುವವರು, ಹೆಚ್ಚು ಕೊಡಬೇಕಾದವರೂ ಅವರೇ. ಇದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದವನು ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಅಮ್ಮನಿಗೆ ಮಂಡಿನೋವು. ಬೆಂಗಳೂರಿನಲ್ಲಿ ಯಾವ ಮೆಟ್ರೋ ನಿಲ್ದಾಣಕ್ಕೆ ಹೋದರೂ ಲಿಫ್ಟ್ ಇದೆ, ಕುರುಡರ ಕಾಲಿಗೆ ದಾರಿ ತೋರುವ ಹಳದಿ ಹಾಸಿದೆ. ಮಾಂಟ್ರಿಯಲ್‌ನ ಈ ಚೆಂದದ ನಿಲ್ದಾಣಗಳನ್ನು ಕಟ್ಟಿದ ಕಾಲದಲ್ಲಿ ಆ ಯೋಚನೆಯೇ ಇರಲಿಲ್ಲ. ಈಗ ಒಂದೊಂದಾಗಿ ಲಿಫ್ಟ್ ಹಾಕುತ್ತಿದ್ದಾರೆ, ಹಲವು ಕಡೆ ಇನ್ನೂ ಬಂದಿಲ್ಲ. ಅಮ್ಮ ಇಲ್ಲಿದ್ದಾಗ ನಕ್ಷೆ ಮುಂದಿಟ್ಟುಕೊಂಡು, ಎಲ್ಲಿ ಲಿಫ್ಟ್ ಇದೆಯೋ ಅಲ್ಲಿಗೆ ಮಾತ್ರ ಹೋಗುವ ಹಾಗೆ ತಿರುಗಾಟ ಹೊಂದಿಸುತ್ತೇನೆ. “ನಮ್ಮೂರೇ ವಾಸಿ ಕಣೋ” ಅಂತ ಅಮ್ಮ ಅಂದಾಗ ನನ್ನ ಹತ್ತಿರ ಎದುರು ಮಾತಿರಲಿಲ್ಲ.

ರಬ್ಬರ್ ಟೈರೂ ಬಿಟ್ಟಿ ಬಂದದ್ದಲ್ಲ. ಉಕ್ಕಿನ ಮೇಲೆ ಉಕ್ಕು ಉರುಳುವಷ್ಟು ಸಲೀಸಾಗಿ ರಬ್ಬರ್ ಉರುಳದು. ವಿದ್ಯುತ್ತು ಹೆಚ್ಚು ಬೇಕು, ಟೈರು ಸವೆಯುತ್ತದೆ, ಉಜ್ಜಾಟದ ಶಾಖವೆಲ್ಲ ಸುರಂಗದಲ್ಲೇ ಉಳಿಯುತ್ತದೆ. ರೈಲಿನಲ್ಲಿ ಏಸಿ ಇಲ್ಲ. ಏಸಿ ಹಾಕಿದರೆ ಅದು ಹೊರಹಾಕುವ ಬಿಸಿಯೂ ಅದೇ ಸುರಂಗಕ್ಕೆ ಬರಬೇಕಲ್ಲ. ಚಳಿಗಾಲದಲ್ಲಿ ಹೊದಿಕೆಯಂಥ ಸುಖ, ಜುಲೈನಲ್ಲಿ ಬೆವರು. ಎಲ್ಲವೂ ನೆಲದಡಿಯೇ ಆಗಬೇಕಾದ್ದರಿಂದ ಬೆಳವಣಿಗೆ ಆಮೆಯ ನಡಿಗೆ. ನೀಲಿ ಮಾರ್ಗ 1988ರಲ್ಲಿ ನಿಂತಲ್ಲಿಂದ ಮುಂದೆ ಹೋಗಿಲ್ಲ, ಈಗ ಐದು ನಿಲ್ದಾಣ, ಸುಮಾರು ಆರು ಕಿಲೋಮೀಟರ್ ಸೇರಿಸುವ ಕೆಲಸ ನಡೆಯುತ್ತಿದೆ. ಅದರ ಅಂದಾಜು ವೆಚ್ಚ 600 ಕೋಟಿ ಡಾಲರ್ ದಾಟಿದೆ. ಕೊನೆಗೆ ಊರಿನ ಹೊರವಲಯಕ್ಕೆ ಅಂತ 2023ರ ಜುಲೈನಲ್ಲಿ ಹೊಸ ರೈಲು ತೆರೆದಾಗ ಉಕ್ಕಿನ ಚಕ್ರಕ್ಕೇ ಬಂದರು, ಬಯಲಿನಲ್ಲೇ ಓಡಿಸಿದರು. ಮೊದಲ ಚಳಿಗಾಲ ಹಿಮಕ್ಕೆ ಅದು ಪಟ್ಟ ಪಾಡು ನೋಡಿದಾಗ ಅರವತ್ತರ ದಶಕದವರು ಎಲ್ಲವನ್ನೂ ನೆಲದಡಿ ಯಾಕೆ ಹಾಕಿದರು ಅಂತ ತಿಳಿಯಿತು. ಆ ಹೊಸ ರೈಲಿನ ಬೋಗಿಗಳು ಎಲ್ಲಿ ತಯಾರಾದವು ಗೊತ್ತೇ? ಆಂಧ್ರದ ಶ್ರೀಸಿಟಿಯಲ್ಲಿ. ಆ ಬಿಸಿಲಿನ ಕಡೆಯವರು ಕಟ್ಟಿದ ಬೋಗಿಯಲ್ಲಿ ಕೂತು ಹೆಪ್ಪುಗಟ್ಟಿದ ಸೇಂಟ್ ಲಾರೆನ್ಸ್ ನದಿ ದಾಟುತ್ತೇನೆ.

ಹಾಗಾಗಿ ಬೆಂಗಳೂರಿಗೆ ರಬ್ಬರ್ ಟೈರು ಬೇಕು ಅಂತ ನಾನು ಹೇಳಲಾರೆ. ನಮ್ಮದು ಹಿಮ ಬೀಳುವ ಊರಲ್ಲ, ನಮ್ಮ ರೈಲು ಕಂಬದ ಮೇಲೆ ಬಿಸಿಲಿನಲ್ಲಿ, ಗುಲ್‌ಮೊಹರ್ ಹೂವಿನ ಎತ್ತರದಲ್ಲಿ ಓಡುತ್ತದೆ, ಅದೇ ಚೆಂದ. ಬೇಕಾದದ್ದು ತಂದದ್ದನ್ನು ತಮ್ಮ ಕಾಡಿನ ಮರ, ತಮ್ಮ ಹವೆ, ತಮ್ಮ ಬೀದಿಗೆ ಒಗ್ಗಿಸಿಕೊಂಡ ಆ ಹಟ.

ಭಾಷೆಯಲ್ಲಿ ಆ ಹಟ ಇನ್ನೂ ಗಟ್ಟಿ. ಮಾಂಟ್ರಿಯಲ್ ಮೆಟ್ರೋದಲ್ಲಿ ಕೇಳುವುದು ಫ್ರೆಂಚ್ ಮಾತ್ರ. ಇಂಗ್ಲಿಷ್ ಬಲ್ಲ ಲಕ್ಷಗಟ್ಟಲೆ ಜನ ಇರುವ ಊರಿನಲ್ಲೂ ‘ಪ್ರೊಶೆನ್ ಸ್ಟಾಸಿಯೋಂ’ ಅಂತಲೇ ಮುಂದಿನ ನಿಲ್ದಾಣದ ಹೆಸರು ಹೇಳುತ್ತಾರೆ. 1977ರಲ್ಲಿ ಬಂದ ಭಾಷಾ ಕಾಯ್ದೆ ಅವರ ಬೆನ್ನಿಗಿದೆ. ಬಂದ ಮೊದಲ ತಿಂಗಳು ನನಗೆ ಕಷ್ಟವಾಯಿತು. ಸುರಂಗದ ನಡುವೆ ರೈಲು ನಿಂತು, ಏನೋ ಘೋಷಣೆ ಬಂದು, ಎಲ್ಲರೂ ಎದ್ದು ಹೊರಟಾಗ ನಾನೊಬ್ಬ ಕೂತೇ ಇದ್ದೆ. ಆಪತ್ತಿನ ಹೊತ್ತಿನಲ್ಲಾದರೂ ಎರಡನೇ ಭಾಷೆ ಇರಬೇಕು ಅಂತ ಈಗಲೂ ಅನಿಸುತ್ತದೆ. ಆದರೆ ಆರು ತಿಂಗಳಲ್ಲಿ ಯಾವ ತರಗತಿಗೂ ಹೋಗದೆ ನಿಲ್ದಾಣ, ದಾರಿ, ಹೊರಬಾಗಿಲು, ತಡ, ಕ್ಷಮಿಸಿ ಎಂಬ ಮಾತುಗಳು ನನ್ನೊಳಗೆ ಬಂದು ಕೂತಿದ್ದವು. ಯಾರೂ ಗದರಿಸಿ ಕಲಿಸಲಿಲ್ಲ. ದಿನಕ್ಕೆರಡು ಸಲ ಕಿವಿಗೆ ಬಿತ್ತು, ಕಲಿತೆ.

2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಫಲಕಗಳ ವಿರುದ್ಧ ದನಿ ಎದ್ದಾಗ, ಇದೇನು ಸಣ್ಣ ವಿಷಯಕ್ಕೆ ಗಲಾಟೆ ಅಂದ ಸ್ನೇಹಿತರಿದ್ದರು. ಅವರಿಗೆ ನಾನು ಇಲ್ಲಿಂದ ಬರೆದದ್ದು ಇಷ್ಟೇ: ಊರಿನ ಸುರಂಗದಲ್ಲಿ ಯಾವ ಭಾಷೆ ಕೇಳುತ್ತದೋ ಅದು ಊರಿನ ಭಾಷೆ ಅಂತ ಬಂದವರು ತಿಳಿಯುತ್ತಾರೆ. ಕನ್ನಡ ಮೊದಲು, ಪರದೇಶಿ ಪರಊರಿನವರಿಗೆ ಅಂತ ಇಂಗ್ಲಿಷು. ಈ ವಿಷಯದಲ್ಲಿ ಈಗ ನಮ್ಮದು ಮಾಂಟ್ರಿಯಲ್‌ಗಿಂತ ಹದವಾಗಿದೆ ಅಂತಲೇ ನನ್ನ ಭಾವನೆ.

ಆ ಕನ್ನಡಕ್ಕೆ ಎಂಥ ದನಿ ಸಿಕ್ಕಿತ್ತು ನಮಗೆ! ನಮ್ಮ ಮೆಟ್ರೋದ ಘೋಷಣೆಗಳಿಗೆ ದನಿ ಕೊಟ್ಟ ನಿರೂಪಕಿ ಅಪರ್ಣಾ ಅವರ ಹಾಗೆ ಪ್ರತಿ ಅಕ್ಷರವನ್ನೂ ತೊಳೆದಿಟ್ಟಂತೆ ಹೇಳುವವರು ಎಷ್ಟು ಜನ? ಊರಿಗೆ ಹೋಗಿ ಮೊದಲ ಸಲ ರೈಲು ಹತ್ತಿ ‘ಮುಂದಿನ ನಿಲ್ದಾಣ’ ಅನ್ನುವುದು ಕಿವಿಗೆ ಬಿದ್ದಾಗಲೇ ನನಗೆ ಊರು ತಲುಪಿದ ಹಾಗೆ. ಅಲ್ಲಿಯವರೆಗೂ ಬರೀ ವಿಮಾನ ಇಳಿದಿರುತ್ತೇನೆ. 2024ರ ಜುಲೈ 11ರಂದು ಅವರು ತೀರಿಕೊಂಡ ಸುದ್ದಿ ಬಂದ ರಾತ್ರಿ, ಫೋನಿನಲ್ಲಿ ಯಾರೋ ಮೆಟ್ರೋದೊಳಗೆ ಹಿಡಿದ ಚಿಕ್ಕ ವಿಡಿಯೋ ಹಾಕಿಕೊಂಡು ಆ ದನಿಯನ್ನು ಕೇಳಿದೆ. ಮುಂದೆ ಬೋಗಿಗಳು ಬದಲಾಗುತ್ತವೆ, ಮಾರ್ಗಗಳು ಹೆಚ್ಚುತ್ತವೆ, ಹೊಸ ಯಂತ್ರಗಳು ಬರುತ್ತವೆ. ಮಾಂಟ್ರಿಯಲ್‌ನವರು ಒಂದು ಯಂತ್ರದ ಮೂರು ಸ್ವರವನ್ನೇ ಬಿಟ್ಟುಕೊಡಲಿಲ್ಲ. ನಾವು ಅಪರ್ಣಾ ಅವರ ದನಿಯನ್ನು ಎಷ್ಟು ಕಾಲ ಸಾಧ್ಯವೋ ಅಷ್ಟು ಕಾಲ ಉಳಿಸಿಕೊಳ್ಳಬೇಕು. ಆಮೇಲೆ ಬರುವವರನ್ನೂ ಅಂಥದೇ ಕನ್ನಡಕ್ಕಾಗಿ ಹುಡುಕಬೇಕು.

ಹೋದ ಸಲ ರಜೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಏಳು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಫ್ರೆಂಚ್. ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್‌ಗೆ ಅಜ್ಜಿಯ ಜೊತೆ ದಿನಾ ಹೋಗಿಬಂದಳು, ಬೇರೆ ಕೆಲಸವಿಲ್ಲದಿದ್ದರೂ. ಹಿಂದಿರುಗಿದ ಮೇಲೆ ಒಂದು ಶನಿವಾರ ಪಾರ್ಕ್ ನಿಲ್ದಾಣದಲ್ಲಿ ಇಬ್ಬರೂ ನೀಲಿ ಮಾರ್ಗದ ಹಳೆಯ ರೈಲು ಹತ್ತಿದೆವು. ಬಾಗಿಲು ಮುಚ್ಚಿತು. ಡೂ, ಡೂ, ಡೂ. ಕಿಟಕಿಗೆ ಹಣೆ ಒತ್ತಿಕೊಂಡು ಕತ್ತಲೆ ನೋಡುತ್ತಾ, ಫ್ರೆಂಚ್ ದನಿ ಬರುವುದಕ್ಕೆ ಮುಂಚೆಯೇ, ಅವಳು ತನ್ನಷ್ಟಕ್ಕೆ ತಾನು, ಒಂದೊಂದು ಅಕ್ಷರವನ್ನೂ ಬಿಡಿಸಿ ಅಂದಳು: “ಮುಂದಿನ ನಿಲ್ದಾಣ, ದ ಕಾಸ್ತೆಲ್ನೋ.”